ಪೆಟ್ರೋಲು ಸೋಸಿದ ಅರಿವೆ

ಆ ವರ್ಷದ ಕೊನೆಯ ಹಾರಾಟ ನನ್ನದಲ್ಲ. ನಾನು ನೆಲದ ಮೇಲೆ ನಿಂತು ನೋಡಿದವನು. ತನಿಖೆಗೆ ಕೊಟ್ಟ ನನ್ನ ಹೇಳಿಕೆ ಒಂದೂವರೆ ಪುಟದಲ್ಲಿ ಮುಗಿದಿದೆ. ಅದರಲ್ಲಿ ಬರೆದದ್ದೆಲ್ಲ ನಿಜ. ಆದರೆ ಅದು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರ ಮಾತ್ರ. ಕೇಳದೆ ಉಳಿದವನ್ನೂ ಸೇರಿಸಿ, ನಡೆದ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ.

ಮೂವತ್ತರ ದಶಕದ ನಡುವಿನ ಮಾತು. ಎರಡು ಜೊತೆ ರೆಕ್ಕೆಯ, ಒಂದರ ಹಿಂದೊಂದು ಎರಡು ಆಸನಗಳಿದ್ದ ಹಳೆಯ ವಿಮಾನವೊಂದನ್ನು ನಾವಿಬ್ಬರು ಕೂಡಿ ತಂದಿದ್ದೆವು. ಸೊಲ್ಲಾಪುರದ ನವಿ ಪೇಠಿನಲ್ಲಿ ನಮ್ಮದು ಅರಿವೆ ಅಂಗಡಿ. ಪಾಲುದಾರ ಅಕ್ಕಲಕೋಟ ಸಂಸ್ಥಾನದ ಹನ್ನೂರಿನ ಜಮೀನುದಾರರ ಮನೆಯ ಕಿರಿಯ ಮಗ. ಇಬ್ಬರೂ ಪುಣೆಯ ಕ್ಲಬ್ಬೊಂದರಲ್ಲಿ ಹಾರಾಟ ಕಲಿತು ಖಾಸಗಿ ಲೈಸೆನ್ಸ್ ಪಡೆದವರು. ಖಾಸಗಿ ಲೈಸೆನ್ಸ್ ಎಂದರೆ ತಾನು ಹಾರಬಹುದು, ಗೆಳೆಯನನ್ನು ಕೂರಿಸಿಕೊಳ್ಳಬಹುದು, ಬಾಡಿಗೆಗೆ ಯಾರನ್ನೂ ಒಯ್ಯುವಂತಿಲ್ಲ.

ಹನ್ನೂರಿನ ಕರಿಮಣ್ಣಿನ ಹೊಲಗಳು ಮಳೆಗಾಲದಲ್ಲಿ ಎತ್ತಿನ ಕಾಲನ್ನೇ ಬಿಡುವುದಿಲ್ಲ. ಆದ್ದರಿಂದ ವಿಮಾನ ಇಳಿಸಲು ಊರ ಹೊರಗಿನ ಮಡ್ಡಿಯನ್ನು ಆರಿಸಿದೆವು. ಗಟ್ಟಿ ನೆಲ, ತೆಳು ಹುಲ್ಲು. ಕಲ್ಲು ಆರಿಸಿ, ಅಂಚಿನ ಕಲ್ಲುಗಳಿಗೆ ಸುಣ್ಣ ಬಳಿಸಿ, ಗಾಳಿಯ ದಿಕ್ಕು ತಿಳಿಯಲು ನಮ್ಮ ಅಂಗಡಿಯ ಖಾದಿಯಿಂದ ಗಾಳಿಚೀಲ ಹೊಲಿಸಿ ಕಂಬಕ್ಕೆ ಕಟ್ಟಿದೆವು. ವಿಮಾನಕ್ಕೆ ತಗಡಿನ ಶೆಡ್ಡು. ಪೆಟ್ರೋಲು ಡ್ರಮ್ಮಿನಲ್ಲಿ ಅಕ್ಕಲಕೋಟ ರೋಡ್ ಸ್ಟೇಷನ್ನಿಗೆ ಬಂದು, ಅಲ್ಲಿಂದ ಬಂಡಿಯ ಮೇಲೆ ಬರುತ್ತಿತ್ತು.

ಎಂಜಿನ್ ನೋಡಿಕೊಳ್ಳಲು ಒಬ್ಬ ಫಿಟರ್ ಇದ್ದ. ಸೊಲ್ಲಾಪುರದ ಗಿರಣಿಯಲ್ಲಿ ಹತ್ತು ವರ್ಷ ಕೆಲಸ ಮಾಡಿ, ಅದನ್ನು ಬಿಟ್ಟು ನಮ್ಮ ಕ್ಲಬ್ಬಿನಲ್ಲಿ ಎಂಟು ತಿಂಗಳು ಕೆಲಸ ಕಲಿತವನು. ವಿಮಾನ ರಿಪೇರಿ ಮಾಡುವ ನೆಲದ ಎಂಜಿನಿಯರ್ ಲೈಸೆನ್ಸಿನ ಪರೀಕ್ಷೆ ಕಟ್ಟುವುದು ಅವನ ಗುರಿ. ಅದು ಸಿಕ್ಕರೆ ಕ್ಲಬ್ಬಿನವರು ಅವನನ್ನು ಕರೆದುಕೊಳ್ಳುವುದಾಗಿ ಹೇಳಿದ್ದರು. ಅದಕ್ಕೆ ಒಂದು ವರ್ಷದ ಸ್ವಚ್ಛ ಕೆಲಸ ತೋರಿಸಬೇಕಿತ್ತು. ಆ ವರ್ಷ ನಮ್ಮ ಕೈಯಲ್ಲಿತ್ತು.

ಪೆಟ್ರೋಲನ್ನು ಡ್ರಮ್ಮಿನಿಂದ ಡಬ್ಬಿಗೆ, ಡಬ್ಬಿಯಿಂದ ಮೇಲಿನ ರೆಕ್ಕೆಯ ನಡುವಿನ ಟ್ಯಾಂಕಿಗೆ ಸುರಿಯುತ್ತಿದ್ದೆವು. ಟ್ಯಾಂಕಿನ ಬಾಯಿಗೆ ದೊಡ್ಡ ಲಾಳಿಕೆ, ಲಾಳಿಕೆಯೊಳಗೆ ಮೆತ್ತನೆಯ ಹದ ಮಾಡಿದ ತೊಗಲು. ತೊಗಲಿನ ಮೂಲಕ ಪೆಟ್ರೋಲು ನಿಧಾನವಾಗಿ ಇಳಿಯುತ್ತದೆ. ಒಂದು ಡಬ್ಬಿಗೆ ಬಹಳ ಹೊತ್ತು ಬೇಕು. ಕೈ ಸೋಲುತ್ತದೆ.

ನಾಲ್ಕನೇ ತಿಂಗಳಲ್ಲಿ ಆ ತೊಗಲನ್ನು ಇಲಿ ಕಡಿದು ತೂತು ಮಾಡಿತು. ಲಾಳಿಕೆಯ ಅಳತೆಯ ಹೊಸದು ಮುಂಬಯಿಯಿಂದ ಬರಬೇಕು. ನಾನು ಕಾಯಲಿಲ್ಲ. ಮರುದಿನ ಅಂಗಡಿಯಿಂದ ಅತಿ ತೆಳು ನೂಲಿನ ಮಲ್ಮಲ್ ತಂದು ನಾಲ್ಕು ಮಡಿಕೆ ಮಾಡಿ ಲಾಳಿಕೆಗೆ ಹಾಸಿದೆ. ನಮ್ಮ ಮನೆಯಲ್ಲಿ ಕುಡಿಯುವ ನೀರನ್ನು ಸೋಸುವುದು ಹೀಗೆಯೇ. ಒಂದು ಹಿಡಿ ಮಡ್ಡಿಯ ಧೂಳನ್ನು ಪೆಟ್ರೋಲಿಗೆ ಬೆರೆಸಿ ಸುರಿದು ನೋಡಿದೆ. ಕೆಳಗೆ ಬಂದದ್ದು ಕನ್ನಡಿಯಂತಿತ್ತು. ಧೂಳೆಲ್ಲ ಅರಿವೆಯ ಮೇಲೆ.

ಫಿಟರ್ ನೋಡುತ್ತ ನಿಂತಿದ್ದ.

"ಮಾಲಕ್ರ, ತೊಗಲಿನ ಕೆಲಸಾ ತೊಗಲ ಮಾಡಬೇಕ್ರಿ. ಕ್ಲಬ್ಬಿನ್ಯಾಗ ಅರಿವಿ ಮುಟ್ಟಸ್ತಿದ್ದಿಲ್ಲ."

"ಯಾಕ?"

"ಯಾಕಂತ ಅವ್ರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದ್ರ ಮುಟ್ಟಸ್ತಿದ್ದಿಲ್ಲ."

"ಕಾರಣ ಗೊತ್ತಿಲ್ಲ ಅಂದ ಮ್ಯಾಲ ಅರಿವಿ ಬಗ್ಗೆ ನನಗ ಹೇಳಾಕ ಬರಬ್ಯಾಡ. ಮೂರು ತಲಿ ಆತು ನಾವು ಇದ ಧಂದಾ ಮಾಡಾಕತ್ತು."

ಪಾಲುದಾರ ರೆಕ್ಕೆಗೆ ಒರಗಿ ಬೀಡಿ ಹಚ್ಚದೆ ಬಾಯಲ್ಲಿಟ್ಟುಕೊಂಡಿದ್ದ. "ಫಿಟರಗ ತೊಗಲಿನ ಮ್ಯಾಲ ಭಾಳ ಪ್ರೀತಿ," ಎಂದ. "ಜೋಡು ಹೊಲಿಯಾಕ ಹೋಗಪಾ ಹಂಗಾರ. ವಿಮಾನ ಯಾಕ ಬೇಕು ನಿನಗ?"

ನಾನು ನಕ್ಕೆ. ಇದು ಹೇಳಿಕೆಯಲ್ಲಿಲ್ಲ. ಫಿಟರ್ ಮತ್ತೆ ಎರಡು ಸಲ ತೊಗಲಿನ ಮಾತು ತೆಗೆದ. ಎರಡನೆಯ ಸಲ ನಾನು, ಅರಿವೆ ಹಾಕುವುದು ನನ್ನ ಹುಕುಂ, ಇನ್ನು ಆ ವಿಷಯ ಬೇಡ ಎಂದೆ. ಅಲ್ಲಿಂದ ಮುಂದೆ ಅವನು ಕೇಳಲಿಲ್ಲ. ಅರಿವೆಯಲ್ಲಿ ಪೆಟ್ರೋಲು ಬೇಗ ಇಳಿಯುತ್ತಿತ್ತು. ಚಳಿಗಾಲ, ಬೇಸಿಗೆ ಎರಡೂ ಒಳ್ಳೆಯ ಹಾರಾಟದಲ್ಲಿ ಕಳೆದವು. ಪುಣೆಗೆ ಮೂರು ಸಲ, ಹೈದರಾಬಾದಿಗೆ ಒಂದು ಸಲ, ವಿಜಾಪುರದ ದಿಕ್ಕಿಗೆ ಲೆಕ್ಕವಿಲ್ಲದಷ್ಟು ಸಲ ಹೋಗಿ ಬಂದೆವು. ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ. ನಾನು ಹೊಸ ತೊಗಲು ತರಿಸಲೇ ಇಲ್ಲ.

ಮಳೆಗಾಲದಲ್ಲಿ ಹಾರಾಟ ಕಡಿಮೆ. ಪಾಲುದಾರನ ಅಣ್ಣ, ಆ ಮನೆಯ ಯಜಮಾನ, ಶೇಂಗಾ ಚೀಲ ಇಡಲು ಜಾಗ ಬೇಕೆಂದು ಅರ್ಧ ತುಂಬಿದ ಡ್ರಮ್ಮನ್ನು ಶೆಡ್ಡಿನಿಂದ ಹೊರಗೆ ಹಾಕಿಸಿದ. ನಾವಿಬ್ಬರೂ ಅದನ್ನು ನೋಡಿದೆವು. ಬಿರಡೆ ಬಿಗಿಯಾಗಿದೆಯಲ್ಲ ಎಂದು ಸುಮ್ಮನಾದೆವು. ನೆಟ್ಟಗೆ ನಿಂತ ಡ್ರಮ್ಮಿನ ತಲೆಯ ಮೇಲೆ ಮಳೆನೀರು ತಟ್ಟೆಯಲ್ಲಿ ನಿಂತಂತೆ ನಿಲ್ಲುತ್ತದೆ. ಹಗಲಿನ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಬಿರಡೆಯ ಸಂದಿನಿಂದ ಹೊರಬರುತ್ತದೆ, ತಂಪಾದಾಗ ಡ್ರಮ್ಮು ಉಸಿರು ಒಳಗೆಳೆಯುತ್ತದೆ. ಆ ಉಸಿರಿನೊಂದಿಗೆ ಮೇಲಿನ ನೀರೂ ಒಳಗೆ ಹೋಗುತ್ತದೆ. ಇದು ನನಗೆ ಆಮೇಲೆ ತಿಳಿದದ್ದು.

ಮಳೆ ನಿಂತು ನೆಲ ಆರಿದ ಮೊದಲ ವಾರ. ವಿಮಾನ ತಂದು ಸರಿಯಾಗಿ ಒಂದು ವರ್ಷವಾಗಿತ್ತು. ಬೆಳಿಗ್ಗೆ ರೆಕ್ಕೆಯ ನೆರಳಿನಲ್ಲಿ ಗೋಣಿಚೀಲ ಹಾಸಿ ಇಬ್ಬರೂ ಹಾರಾಟದ ಪುಸ್ತಕ ಬಿಚ್ಚಿ ಕೂತೆವು. ನನ್ನವು ಎಪ್ಪತ್ತೊಂದು ಗಂಟೆ, ಅವನವು ತೊಂಬತ್ತು ದಾಟಿದ್ದವು. ನೂರಾದರೆ ಬಾಡಿಗೆ ಹಾರಾಟದ ಲೈಸೆನ್ಸಿಗೆ ಪರೀಕ್ಷೆ ಕಟ್ಟಬಹುದು. ನನ್ನ ಯೋಜನೆ ಅದೇ ಆಗಿತ್ತು. ಇಬ್ಬರೂ ಆ ಲೈಸೆನ್ಸ್ ತೆಗೆಯಬೇಕು, ಆಮೇಲೆ ಸೊಲ್ಲಾಪುರದಿಂದ ಮುಂಬಯಿಗೆ ಟಪಾಲು ಒಯ್ಯುವ ಅರ್ಜಿ ಹಾಕಬೇಕು.

ಅವನು ಕೇಳಿ ಪುಸ್ತಕ ಮುಚ್ಚಿದ.

"ಅಷ್ಟು ದಿನಾ ಯಾರು ಕೂಡಬೇಕು? ಅಕ್ಕಲಕೋಟಕ್ಕ ಗುರುವಾರಕ್ಕೊಮ್ಮಿ ಸ್ವಾಮಿ ಮಠಕ್ಕ ಎಷ್ಟು ಮಂದಿ ಬರ್ತಾರ, ನೋಡಿಯಿಲ್ಲೋ? ರೊಕ್ಕಾ ತಗೊಂಡು ಒಂದ ಸುತ್ತು ಹಾಕಿಸಿ ಇಳಸೂದು. ಸಾಲು ಹಚ್ಚಿ ನಿಲ್ತಾರ."

"ನಮ್ಮ ಲೈಸೆನ್ಸಿಗೆ ಅದು ನಡಿಯಂಗಿಲ್ಲ. ಒಬ್ಬಾಂವ ಬಿದ್ರ ಜೇಲು."

"ಯಾರು ಬೀಳ್ತಾರ? ನೀ ನಡಿಸಿದ್ರ ಬೀಳ್ತಾರ."

"ನಾ ನಡಸಂಗಿಲ್ಲ. ನನ್ನ ಅರ್ಧಾ ವಿಮಾನ ಅದಕ್ಕ ಕೊಡಂಗೂ ಇಲ್ಲ."

"ಯಾವ ಅರ್ಧಾ? ಮುಂದಿನದೋ, ಹಿಂದಿನದೋ?" ಎಂದು ಎದ್ದು ನಿಂತ. "ನಿಮ್ಮ ಪೇಠ್ಯಾಗ ಕೂತು ವಾರು ಅಳದು ಹರದು ಕೊಡೂ ಮಂದಿ ನೀವು. ಆಕಾಶಾನೂ ವಾರಿನ್ಯಾಗ ಅಳೀತೀರಿ. ಲೈಸೆನ್ಸ್ ಕಾಗದಾ ನೆಕ್ಕೋತ ಕೂಡು."

"ನಿಮ್ಮಪ್ಪ ಬಿಟ್ಟ ಹೊಲದ ಮ್ಯಾಲ ಕುಣಿಯಾಂವಗ ಕಾಗದಾ ಏನ್ ತಿಳೀಬೇಕು," ಎಂದೆ.

ಇಷ್ಟು ಮಾತಾಗಿತ್ತು. ಅವನು ಫಿಟರನನ್ನು ಕರೆದು ಪೆಟ್ರೋಲು ಹಾಕು ಎಂದ. ಅಕ್ಕಲಕೋಟದ ಮೇಲೆ ಎರಡು ಸುತ್ತು ಹಾಕಿ, ಇಳಿಯಲು ಜಾಗ ನೋಡಿ ಬರುತ್ತೇನೆ, ಒಬ್ಬನೇ ಹೋಗುತ್ತೇನೆ ಎಂದ. ಫಿಟರ್ ಹೊರಗಿನ ಡ್ರಮ್ಮಿನಿಂದ ನಾಲ್ಕು ಡಬ್ಬಿ ತುಂಬಿ ತಂದು ಅರಿವೆಯ ಮೂಲಕ ಸುರಿದ. ನಾನು ಎಂಟು ಹೆಜ್ಜೆ ದೂರದಲ್ಲಿದ್ದೆ. ಸುರಿದಾದ ಮೇಲೆ ಫಿಟರ್ ನಟ್ಟು ಬಿಚ್ಚುವ ಪಾನಾ ತರಲು ತನ್ನ ಚೀಲದ ಕಡೆಗೆ ಹೋದ. ಎಂಜಿನ್ನಿನ ಕೆಳಗೆ ಪೆಟ್ರೋಲು ಬರುವ ದಾರಿಯಲ್ಲಿ ಒಂದು ಬಟ್ಟಲಿದೆ, ಕಸ ಬಂದರೆ ಅಲ್ಲಿ ತಂಗುತ್ತದೆ. ಪ್ರತಿ ಸಲ ಪೆಟ್ರೋಲು ತುಂಬಿದ ಮೇಲೆ ಅದನ್ನು ಬಿಚ್ಚಿ ನೋಡುವುದು ಅವನ ಪದ್ಧತಿ.

"ಏನ್ ಮಾಡಾಕತ್ತಿ?" ಪಾಲುದಾರ ಆಗಲೇ ಆಸನದಲ್ಲಿ ಕೂತಿದ್ದ.

"ಬಟ್ಟಲ ಬಿಚ್ಚಿ ನೋಡ್ತೀನ್ರಿ. ಹತ್ತ ಮಿನಿಟು."

"ಬ್ಯಾಡ. ನಾ ತಿರುಗಿ ಬಂದ ಮ್ಯಾಲ ನೋಡಿಯಂತ. ಬಿಸಲ ಏರಿದ್ರ ಗಾಳಿ ಕೆಡತೈತಿ."

ಫಿಟರ್ ನನ್ನ ಕಡೆ ನೋಡಿದ. ನಾನೂ ಮಾಲೀಕ. ತಡೆ ಎಂದರೆ ತಡೆಯಬೇಕಿತ್ತು. ನನಗೆ ಪಾಲುದಾರನ ಜೊತೆ ಮತ್ತೆ ಮಾತಾಡುವ ಮನಸ್ಸಿರಲಿಲ್ಲ. ಮುಖ ತಿರುಗಿಸಿ ಗಾಳಿಚೀಲದ ಕಡೆ ನೋಡಿದೆ. ಫಿಟರ್ ಪಾನಾ ಕೆಳಗಿಟ್ಟ.

ನೆಲದ ಮೇಲಿನ ಪರೀಕ್ಷೆಯಲ್ಲಿ ಎಂಜಿನ್ ಸರಿಯಾಗಿ ಓಡಿತು. ಕೊಳವೆಯಲ್ಲಿ ಹಿಂದಿನ ಸಲದ ಒಳ್ಳೆಯ ಪೆಟ್ರೋಲಿತ್ತು. ವಿಮಾನ ಪಡುವಣಕ್ಕೆ ಓಡಿ, ಸುಣ್ಣದ ಕಲ್ಲುಗಳ ಮುಕ್ಕಾಲು ಭಾಗದಲ್ಲಿ ನೆಲ ಬಿಟ್ಟಿತು. ಮಡ್ಡಿಯ ಅಂಚನ್ನು ದಾಟುವಾಗ ಅದರ ಎತ್ತರ ಮೂರು ಬೇವಿನ ಮರಗಳಷ್ಟು. ಅಲ್ಲಿ ಎಂಜಿನ್ ಒಮ್ಮೆ ಕೆಮ್ಮಿತು. ಮತ್ತೆ ಹಿಡಿಯಿತು. ಎರಡನೆಯ ಸಲ ಕೆಮ್ಮಿ ನಿಂತುಹೋಯಿತು. ಆ ಮೇಲೆ ಕೇಳಿದ್ದು ತಂತಿಗಳ ನಡುವೆ ಗಾಳಿಯ ಸಪ್ಪಳ ಮಾತ್ರ.

ಅವನ ಎದುರಿಗೆ ಶೇಂಗಾ ಹೊಲವಿತ್ತು. ಹಸಿ ಇತ್ತು, ಆದರೆ ಸಮತಟ್ಟು. ಎತ್ತರ ಇಲ್ಲದಾಗ ಎಂಜಿನ್ ನಿಂತರೆ ಮೂಗು ಕೆಳಗೆ ಮಾಡಿ ನೇರ ಎದುರಿಗೆ ಇಳಿಯಬೇಕು, ಹಿಂದಿರುಗಬಾರದು. ಕ್ಲಬ್ಬಿನಲ್ಲಿ ಮೊದಲ ವಾರವೇ ಹೇಳಿಕೊಡುವ ಪಾಠ ಇದು. ಎದುರಿನ ಬೆಳೆ ಬೇರೆಯವರದು ಎಂದೋ, ನಾನು ಹಿಂದೆ ನಿಂತು ನೋಡುತ್ತಿದ್ದೇನೆ ಎಂದೋ, ಅವನು ಎಡಕ್ಕೆ ತಿರುಗಿದ. ಕಾಲುಭಾಗ ತಿರುಗುವಷ್ಟರಲ್ಲಿ ಎಡ ರೆಕ್ಕೆ ಕುಸಿಯಿತು. ಮೂಗು ಕೆಳಗಾಯಿತು. ಮಡ್ಡಿಯ ಅಂಚಿನ ಜಾಲಿಕಂಟಿಯಲ್ಲಿ ಮೊದಲು ರೆಕ್ಕೆ, ಆಮೇಲೆ ಎಂಜಿನ್ ಬಡಿಯಿತು.

ನಾನೂ ಫಿಟರನೂ ಓಡಿದೆವು. ಮೊದಲು ತಲುಪಿದವನು ಫಿಟರ್. ಪೆಟ್ರೋಲು ಹರಿಯದಂತೆ ಟ್ಯಾಂಕಿನ ತೋಟಿ ಮುಚ್ಚಿದವನೂ ಅವನೇ. ಪಾಲುದಾರನ ಬಲಗಾಲು ಮುರಿದ ಚೌಕಟ್ಟಿನಲ್ಲಿ ಮೊಣಕಾಲಿನ ಕೆಳಗೆ ಸಿಕ್ಕಿತ್ತು. ಎಚ್ಚರವಿತ್ತು. ಬೈಯುತ್ತಿದ್ದ. ಕರಗಸ ತಂದು ಕಟ್ಟಿಗೆ ಕೊಯ್ದು ಹೊರಗೆಳೆದು, ಹೊರಸಿನ ಮೇಲೆ ಊರಿಗೆ ಒಯ್ದು, ಸರ್ವಿಸ್ ಮೋಟಾರಿನಲ್ಲಿ ಸೊಲ್ಲಾಪುರದ ಆಸ್ಪತ್ರೆಗೆ ಕಳಿಸಿದೆವು. ಅವನ ಅಣ್ಣ ಜೊತೆಗೆ ಹೋದ.

ನಾನು ಮರಳಿ ಮಡ್ಡಿಗೆ ಬಂದಾಗ ಫಿಟರ್ ಎಂಜಿನ್ನಿನ ಬಳಿ ಮಂಡಿಯೂರಿ ಕೂತಿದ್ದ. ನಾನು ಬರುವವರೆಗೆ ಏನನ್ನೂ ಮುಟ್ಟಿರಲಿಲ್ಲ. ನನ್ನೆದುರಿಗೆ ಬಟ್ಟಲು ಬಿಚ್ಚಿ ನನ್ನ ಅಂಗೈಗೆ ಸುರಿದ. ಪೆಟ್ರೋಲು ಕೈಯಿಂದ ಹಾರಿಹೋಯಿತು. ಉಳಿದದ್ದು ಹಾರಲಿಲ್ಲ. ಅಂಗೈಯ ಗೆರೆಗಳಲ್ಲಿ ನಿಂತಿತು.

"ನೀರು," ಎಂದ. ತೊಗಲಿನ ಮಾತು ಎತ್ತಿದ್ದರೆ ನಾನು ಜಗಳ ತೆಗೆಯುತ್ತಿದ್ದೆ.

ಲಾಳಿಕೆಯನ್ನು ಶೆಡ್ಡಿನಲ್ಲಿಟ್ಟು ಬೀಗ ಹಾಕಿ ಕೀಲಿಕೈಯನ್ನು ಪಾಲುದಾರನ ಮನೆಗೆ ಕೊಟ್ಟೆವು. ತನಿಖಾಧಿಕಾರಿ ಐದನೆಯ ದಿನ ಮುಂಬಯಿಯಿಂದ ಬರುತ್ತಾರೆ ಎಂದು ಮರುದಿನವೇ ತಂತಿ ಬಂತು.

ಮೂರನೆಯ ದಿನ ಪಾಲುದಾರನ ಅಣ್ಣ ನಮ್ಮ ಅಂಗಡಿಗೆ ಬಂದ. ಗಾದಿಯ ಮೇಲೆ ಕೂತು ನೀರು ಕುಡಿದ. ನನ್ನ ತಂದೆಯೂ ಅಲ್ಲಿಯೇ ಇದ್ದರು.

"ಕಾಲು ತಗೀಬೇಕಾಗತೈತೋ ಏನೋ ಅಂತಾನ ಡಾಕ್ಟರ," ಎಂದ. "ಈಗ ಚೌಕಶಿ ಅಂತ. ಚೌಕಶಿಯೊಳಗ ಯಾರದರ ಒಬ್ರದು ಹೆಸರ ಬರೂದ. ಹಾಸಿಗಿ ಹಿಡದಾಂವಂದು ಬರಬಾರದು. ನಿಮ್ಮದೂ ಬರಬಾರದು. ಡ್ರಮ್ ಹೊರಗಿತ್ತು ಅಂತ ನನ್ನದೂ ಬರಬಾರದು."

"ಮತ್ತ?" ಎಂದೆ.

"ಲಾಳಿಕ್ಯಾಗ ತೊಗಲಿತ್ತು. ಫಿಟರ್ ಆಳಸಿ. ಲಾಳಿಕಿ ಹಚ್ಚದ ಹಂಗ ಡಬ್ಬಿಯಿಂದ ಸುರುವಿದ. ಇಷ್ಟ."

"ತೊಗಲಿರಲಿಲ್ಲರಿ."

"ಈಗ ಐತಿ." ಅವನು ನನ್ನ ತಂದೆಯ ಕಡೆ ತಿರುಗಿದ. "ನಿನ್ನಿನ ದಿನಾ ಮೋಟಾರ್ ಅಂಗಡಿಯಿಂದ ಒಂದ ತುಂಡ ತರಿಸಿ ಹಾಕೀನಿ. ನಿಮ್ಮ ಮಗ ಸುಳ್ಳ ಹೇಳೂದೂ ಬ್ಯಾಡ. ಸುಮ್ನ ನಿಂತ್ರ ಸಾಕು. ಗಿರಣಿ ಮನಶ್ಯಾ, ಗಿರಣಿಗೆ ಹೊಕ್ಕಾನ."

ನನ್ನ ತಂದೆ ಅಳತೆಕೋಲಿನ ಕಡೆ ನೋಡುತ್ತ, "ದೊಡ್ಡವ್ರ ಮನಿ ಜೋಡಿ ವೈರ ಯಾಕ," ಎಂದರು. ನಾನು ಹೂಂ ಎನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ಅಣ್ಣ ಅದನ್ನು ಹೂಂ ಎಂದೇ ತಿಳಿದು ಎದ್ದುಹೋದ. ಹಾಗೆ ತಿಳಿಯಲಿ ಎಂದೇ ನಾನು ಬಿಟ್ಟೆ.

ನಾಲ್ಕನೆಯ ದಿನ ಫಿಟರ್ ಬಂದ. ಅಂಗಡಿಯ ಮೆಟ್ಟಿಲ ಕೆಳಗೆ ನಿಂತ, ಮೇಲೆ ಬರಲಿಲ್ಲ. ಒಳಗೆ ಗಿರಾಕಿಗಳಿದ್ದರು.

"ಮಾಲಕ್ರ, ಊರಾಗ ಬ್ಯಾರೇನೋ ಮಾತಾಡಾಕತ್ತಾರ. ನಾಳಿ ಸಾಹೇಬ ಕೇಳಿದ್ರ ನೀವು ಏನ್ ಹೇಳ್ತೀರಿ?"

"ನಾಳಿದು ನಾಳಿ."

"ನನ್ನ ಪರೀಕ್ಷಾ ಅರ್ಜಿ ಅದ ಸಾಹೇಬನ ಟೇಬಲ್ ಮ್ಯಾಲ ಐತ್ರಿ. ಗಿರಣ್ಯಾಗ ನನ್ನ ಜಾಗಾ ತುಂಬ್ಯಾರ. ನನಗ ಇವತ್ತ ತಿಳಿಯಬೇಕು."

"ನೋಡೂಣು," ಎಂದೆ.

ಅವನು "ನೋಡೂಣು," ಎಂದು ನನ್ನ ಮಾತನ್ನೇ ನನಗೆ ತಿರುಗಿ ಹೇಳಿ, ಪೇಠಿನ ಗದ್ದಲದಲ್ಲಿ ಹೊರಟುಹೋದ.

ಐದನೆಯ ದಿನ, ಸಂಸ್ಥಾನದ ಒಪ್ಪಿಗೆ ಪಡೆದು, ತನಿಖಾಧಿಕಾರಿ ಹನ್ನೂರಿಗೆ ಬಂದರು. ವಯಸ್ಸಾದ, ಮಾತು ಕಡಿಮೆಯ ಮನುಷ್ಯ. ಮರಾಠಿಯಲ್ಲಿ ಕೇಳಿ ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಿದ್ದರು. ಮೊದಲು ಕಂಟಿಯಲ್ಲಿದ್ದ ಅವಶೇಷವನ್ನು ಎರಡು ತಾಸು ನೋಡಿದರು. ತೋಟಿ, ಕೊಳವೆ, ತಂತಿ ಎಲ್ಲವನ್ನೂ ಮುಟ್ಟಿ ನೋಡಿದರು. ಟ್ಯಾಂಕಿನ ತಳದಿಂದ ಒಂದು ಬಾಟಲಿ ತುಂಬಿಸಿ ಬಿಸಿಲಿಗೆ ಹಿಡಿದರು. ಕೆಳಗೆ ಎರಡು ಬೆರಳು ನೀರು, ಮೇಲೆ ಪೆಟ್ರೋಲು. ಆಮೇಲೆ ಡ್ರಮ್ಮು ಶೆಡ್ಡಿನ ಹೊರಗೆ ನಿಂತಿದ್ದ ಜಾಗದ ಗುಂಡನೆಯ ಗುರುತನ್ನು ಕೋಲಿನಿಂದ ತೋರಿಸಿ, ಏನಿದು ಎಂದು ಕೇಳಿದರು. ಡ್ರಮ್ಮನ್ನು ಆಗಲೇ ಒಳಗೆ ಸರಿಸಲಾಗಿತ್ತು. ಯಾರೂ ಉತ್ತರಿಸಲಿಲ್ಲ. ಅವರು ಒತ್ತಾಯಿಸಲಿಲ್ಲ. ಬರೆದುಕೊಂಡರು.

ಶೆಡ್ಡಿನಲ್ಲಿ ಮೇಜು ಹಾಕಿದ್ದರು. ಅಣ್ಣ ಲಾಳಿಕೆ ತಂದಿಟ್ಟ. ಒಳಗೆ ಹೊಸ ತೊಗಲು. ಅಂಚಿನಲ್ಲಿ ಕತ್ತರಿಯ ಗುರುತು ಇನ್ನೂ ಬೆಳ್ಳಗಿತ್ತು.

"ಲಾಳಿಕಿ ಹಚ್ಚೇ ಇಲ್ಲರಿ ಇಂವ," ಎಂದು ಅಣ್ಣ ಫಿಟರನ ಕಡೆ ಕೈ ಮಾಡಿದ. "ಡಬ್ಬಿ ನೆಟ್ಟಗ ಸುರುವಿದ. ನನ್ನ ತಮ್ಮ ನೋಡ್ಯಾನ. ದವಾಖಾನ್ಯಾಗ ಕೇಳ್ರಿ."

ತನಿಖಾಧಿಕಾರಿ ಫಿಟರನನ್ನು ಕೇಳಿದರು. ಅವನು, ಲಾಳಿಕೆ ಹಚ್ಚಿದ್ದೆ, ಒಳಗೆ ಅರಿವೆ ಇತ್ತು, ತೊಗಲು ಇರಲಿಲ್ಲ ಎಂದ.

"ಕುಣೀ ಸಾಂಗಿತಲಂ?" ಅರಿವೆ ಹಾಕೆಂದು ಹೇಳಿದವರು ಯಾರು ಎಂದು ಅವರು ಕೇಳಿದರು.

ಫಿಟರ್ ನನ್ನ ಹೆಸರು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನೆಲ ನೋಡುತ್ತ, "ಅವ್ರ ಹೇಳ್ತಾರ್ರಿ, ಹೇಳಿದ್ರ," ಎಂದ.

ನಾನು ಆ ಬೆಳಿಗ್ಗೆ ನಿರ್ಧಾರ ಮಾಡಿಕೊಂಡು ಬಂದವನಲ್ಲ. ಯಾರಾದರೂ ನನ್ನನ್ನು ಧೈರ್ಯವಂತ ಎಂದರೆ ಅದು ತಪ್ಪು. ಆ ಹೊಸ ತೊಗಲನ್ನು ನೋಡಿದಾಗ ಸಿಟ್ಟು ಬಂತು, ಅಷ್ಟೇ. ಅದನ್ನು ಕತ್ತರಿಸಿದವನಿಗೆ ಅಳತೆ ಗೊತ್ತಿರಲಿಲ್ಲ. ಲಾಳಿಕೆಗಿಂತ ನಾಲ್ಕು ಬೆರಳು ಚಿಕ್ಕದಾಗಿ ಒಂದು ಬದಿಗೆ ಜಾರಿತ್ತು. ಇಂಥ ಕೆಟ್ಟ ಕೆಲಸವನ್ನು ಫಿಟರನ ತಲೆಗೆ ಕಟ್ಟುತ್ತಿದ್ದರು.

"ಆ ತೊಗಲು ಅಪಘಾತದ ದಿನ ಅಲ್ಲಿರಲಿಲ್ಲ," ಎಂದು ಮರಾಠಿಯಲ್ಲಿ ಹೇಳಿದೆ. "ಫಿಟರ್ ಲಾಳಿಕೆ ಹಚ್ಚಿದ್ದ. ಅರಿವೆ ನಾನು ತಂದದ್ದು. ಎಂಟು ತಿಂಗಳಿಂದ ಇತ್ತು. ಬೇಡ ಎಂದು ಅವನು ಮೂರು ಸಲ ಹೇಳಿದ. ನಾನು ಹುಕುಂ ಮಾಡಿದೆ. ಡ್ರಮ್ಮು ಮಳೆಗಾಲವಿಡೀ ಹೊರಗಿತ್ತು, ನನಗೆ ಗೊತ್ತಿತ್ತು. ಆ ದಿನ ಬಟ್ಟಲು ಬಿಚ್ಚಿ ನೋಡುತ್ತೇನೆ ಎಂದ. ಪಾಲುದಾರ ಬೇಡ ಎಂದ. ನಾನು ಅಲ್ಲಿಯೇ ಇದ್ದೆ, ಸುಮ್ಮನಿದ್ದೆ."

"ಏ, ಏನ್ ಹೇಳಾಕತ್ತಿ?" ಎಂದು ಅಣ್ಣ ಎರಡು ಹೆಜ್ಜೆ ಮುಂದೆ ಬಂದ. ತನಿಖಾಧಿಕಾರಿ ಪೆನ್ಸಿಲ್ ಎತ್ತಿ ಅವನನ್ನು ನಿಲ್ಲಿಸಿದರು. ನನ್ನನ್ನು, ಅದೇ ಅರಿವೆ ಇದೆಯೇ ಎಂದು ಕೇಳಿದರು. ಅದನ್ನು ಲಾಳಿಕೆಯಿಂದ ತೆಗೆದವರು ಎಲ್ಲಿಟ್ಟರೋ ಗೊತ್ತಿಲ್ಲ, ಆದರೆ ಅದೇ ಥಾನಿನಿಂದ ಹರಿದ ಕೈವಸ್ತ್ರ ನನ್ನ ಜೇಬಿನಲ್ಲಿದೆ ಎಂದೆ.

ಅವರು ಎರಡು ಗಾಜಿನ ಲೋಟ ತರಿಸಿದರು. ಒಂದರ ಮೇಲೆ ನನ್ನ ಕೈವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಹಾಸಿದರು, ಇನ್ನೊಂದರ ಮೇಲೆ ಆ ಹೊಸ ತೊಗಲನ್ನು ಪೆಟ್ರೋಲಿನಲ್ಲಿ ನೆನೆಸಿ ಹಾಸಿದರು. ಎರಡರ ಮೇಲೂ ಪೆಟ್ರೋಲು, ಅದರ ಮೇಲೆ ಒಂದು ಚಮಚ ನೀರು ಸುರಿದರು. ತೊಗಲಿನ ಮೇಲೆ ಪೆಟ್ರೋಲು ಇಳಿದುಹೋಗಿ ನೀರು ಪಾದರಸದಂತೆ ಉಂಡೆಯಾಗಿ ನಿಂತಿತು. ಕೈವಸ್ತ್ರ ಮೊದಲು ನೀರನ್ನು ಹೀರಿತು. ಇನ್ನೊಂದು ಚಮಚ ಹಾಕಿದರು. ಕೆಳಗಿನ ಮಡಿಕೆಯಿಂದ ಹನಿ ಬಿತ್ತು, ಆಮೇಲೆ ಇನ್ನೊಂದು. ಲೋಟದ ತಳದಲ್ಲಿ ನೀರು ಬೇರೆಯಾಗಿ ಕೂತಿತು.

ಸ್ವಲ್ಪ ನೀರಿದ್ದರೆ ಅರಿವೆಯೇ ಕುಡಿಯುತ್ತದೆ. ಹಾಗಾಗಿ ಒಣ ತಿಂಗಳುಗಳಲ್ಲಿ ಏನೂ ಆಗಲಿಲ್ಲ. ನಾನು ಧೂಳು ಬೆರೆಸಿ ಪರೀಕ್ಷೆ ಮಾಡಿದ್ದೆ, ನೀರು ಬೆರೆಸಿ ಮಾಡಿರಲಿಲ್ಲ. ದಿನಾ ಬೆಳಿಗ್ಗೆ ಕೊಡದ ಬಾಯಿಗೆ ಅರಿವೆ ಕಟ್ಟಿ ನೀರು ಸೋಸುವ ಮನೆಯಲ್ಲಿ ಹುಟ್ಟಿದವನು ನಾನು. ಅರಿವೆಯಲ್ಲಿ ನೀರು ಇಳಿಯುತ್ತದೆ ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ.

ತನಿಖಾಧಿಕಾರಿ ಹೇಳಿಕೆ ಬರೆದು ಓದಿ ಹೇಳಿದರು. ಸಹಿ ಮಾಡಿದೆ. ಹೊರಗೆ ಬಂದಾಗ ಅಣ್ಣ ಬಾಗಿಲಲ್ಲಿ ನಿಂತಿದ್ದ. "ಈ ಮಡ್ಡಿ ನಾಳಿ ನೇಗಲಾ ಹೊಡಸ್ತೀನಿ," ಎಂದ. "ನಿನ್ನ ನೆರಳ ಈ ಕಡಿ ಬಿದ್ರ ನಾಯಿ ಬಿಡ್ತೀನಿ." ಮಡ್ಡಿಯಲ್ಲಿ ನೇಗಿಲು ನಡೆಯುವುದಿಲ್ಲ. ಆದರೂ ಅವನು ಹೊಡೆಸಿದ ಎಂದು ಆಮೇಲೆ ಕೇಳಿದೆ.

ಪಾಲುದಾರನ ಕಾಲು ಉಳಿಯಿತು, ಮೊಣಕಾಲು ಮಡಿಯುವುದಿಲ್ಲ. ನಾನು ಆಸ್ಪತ್ರೆಗೆ ಹೋದಾಗ ಗೋಡೆಯ ಕಡೆ ತಿರುಗಿ ಮಲಗಿದ್ದ.

"ಎಲ್ಲಾ ಖರೇ ಹೇಳಿಯಂತ."

"ಹೇಳಿದೆ."

"ನನ್ನ ಕಾಲಿಗೆ ಏನ್ ಉಪಯೋಗ ಆತು ಅದು? ಬಟ್ಟಲ ಬಿಚ್ಚಬ್ಯಾಡ ಅಂದೆ, ಖರೇ. ನೀ ಎಂಟ ಹೆಜ್ಜಿ ದೂರ ನಿಂತಿದ್ದಿ. ಒಂದ ಮಾತ ಆವತ್ತ ಆಡಿದ್ರ ಆಗ್ತಿತ್ತು. ಐದ ದಿನಾ ಬಿಟ್ಟು ಸಾಹೇಬನ ಮುಂದ ಆಡಿದಿ."

ಅವನು ಮತ್ತೆ ಹಾರಲಾರ. ಅವನ ಹಾರಾಟದ ಪುಸ್ತಕ ನನ್ನಲ್ಲಿಯೇ ಇತ್ತು. ಕಳಿಸಿಕೊಟ್ಟೆ. ಒಯ್ದ ಆಳು ಅದನ್ನು ಮರಳಿ ತಂದ.

ನನ್ನ ಲೈಸೆನ್ಸನ್ನು ಆರು ತಿಂಗಳು ಹಿಡಿದಿಟ್ಟರು. ಆ ಮೇಲೆ ಮತ್ತೆ ಪರೀಕ್ಷೆ ಕೊಡಬೇಕು ಎಂದಿತ್ತು. ಫಿಟರನ ಅರ್ಜಿಗೆ ಅಡ್ಡಿಯಾಗಲಿಲ್ಲ. ಅವನು ಪಾಸಾಗಿ ಕ್ಲಬ್ಬಿಗೆ ಸೇರಿದ ಎಂದು ಬೇರೆಯವರಿಂದ ತಿಳಿಯಿತು. ಆರು ತಿಂಗಳು ನಾನು ಅಂಗಡಿಯಲ್ಲಿ ಕೂತು ಮುಂದಿನ ವರ್ಷದ ಯೋಜನೆ ಮಾಡಿದೆ. ಸ್ವಂತ ವಿಮಾನ ಸದ್ಯಕ್ಕೆ ಬೇಡ, ಕ್ಲಬ್ಬಿನ ವಿಮಾನದಲ್ಲಿ ನೂರು ಗಂಟೆ ಮುಗಿಸಬೇಕು. ಆಮೇಲೆ ಹೊಸ ವಿಮಾನ ಸೊಲ್ಲಾಪುರದ ಹತ್ತಿರವೇ ಇರಬೇಕು, ಅದನ್ನು ಆ ಫಿಟರನೇ ನೋಡಿಕೊಳ್ಳಬೇಕು. ಅದರಲ್ಲಿ ಕೊನೆಯದನ್ನೇ ಎಲ್ಲಕ್ಕಿಂತ ಮೊದಲು ಗೊತ್ತುಮಾಡಿಕೊಂಡಿದ್ದೆ.

ಪರೀಕ್ಷೆಗೆ ಪುಣೆಗೆ ಹೋದ ಬೆಳಿಗ್ಗೆ ಅವನು ನೀಲಿ ಅಂಗಿಯಲ್ಲಿ ವಿಮಾನಗಳ ಸಾಲಿನ ಮುಂದೆ ಕೆಲಸದಲ್ಲಿದ್ದ. "ಬಂದ್ರಿ?" ಎಂದ. ನನ್ನ ಯೋಜನೆ ಹೇಳಿದೆ. ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡ.

"ನಿಮ್ಮ ಮಾತಿನಿಂದ ನನ್ನ ಲೈಸೆನ್ಸ್ ಉಳೀತು, ಇಲ್ಲ ಅನ್ನಂಗಿಲ್ಲರಿ," ಎಂದ. "ಆದ್ರ ನಾ ನಿಮ್ಮ ಮೆಟ್ಟಿಲ ಕೆಳಗ ನಿಂತಾಗ ಆ ಮಾತು ನಿಮ್ಮ ಬಾಯಾಗ ಇತ್ತು. ನುಂಗಿದ್ರಿ. ಮನಿಗೆ ಹೋಗಿ ಹೇಣ್ತಿಗೆ ಊರ ಬಿಡೂಣು, ಭಾಂಡಿ ಕಟ್ಟ ಅಂದೆ. ಆಕಿ ಕಟ್ಟಿದ್ಲು. ಸೊಲ್ಲಾಪುರಕ್ಕ ನಾ ಬರಂಗಿಲ್ಲರಿ ಮಾಲಕ್ರ. ಇಲ್ಲಿ ಯಾವ ವಿಮಾನ ಕೊಟ್ರೂ ಅದನ್ನ ನಾ ನೆಟ್ಟಗ ಮಾಡಿರ್ತೀನಿ. ಅದರ ಬಗ್ಗೆ ಅಂಜಬ್ಯಾಡ್ರಿ."

ನಾನು ಆಸನಕ್ಕೆ ಏರಿದೆ. ಪರೀಕ್ಷಕರು ಹಿಂದೆ ಕೂತರು. ಎಂಜಿನ್ ಚಾಲೂ ಮಾಡಲು ಮುಂದಿನ ಪಂಖವನ್ನು ಒಬ್ಬರು ಕೈಯಿಂದ ತಿರುಗಿಸಬೇಕು. ಮೊದಲು ಸ್ವಿಚ್ ಆಫ್ ಇಟ್ಟು ನಾಲ್ಕಾರು ಸಲ ತಿರುಗಿಸಿ ಪೆಟ್ರೋಲು ಎಳೆಸುತ್ತಾರೆ. ಆಗ ಸ್ವಿಚ್ ಆನ್ ಇದ್ದರೆ ಪಂಖ ಒದ್ದು ಕೈಯನ್ನೋ ತಲೆಯನ್ನೋ ಒಯ್ಯುತ್ತದೆ. ಅದಕ್ಕಾಗಿ ತಿರುಗಿಸುವವನು ಕೂಗಿ ಕೇಳುತ್ತಾನೆ, ಕೂತವನು ಕೂಗಿ ಹೇಳುತ್ತಾನೆ. ಆ ಮಾತಿನ ಮೇಲೆ ಅವನು ಪಂಖಕ್ಕೆ ಕೈ ಹಚ್ಚುತ್ತಾನೆ. ಆ ಬೆಳಿಗ್ಗೆ ನನಗಿಂತ ಮೊದಲು ಮೂರು ಜನ ಹೋಗಿದ್ದರು. ಮೂವರ ಮಾತಿನ ಮೇಲೂ ಫಿಟರ್ ಹಾಗೆಯೇ ಪಂಖಕ್ಕೆ ಕೈ ಹಚ್ಚಿದ್ದ.

"ಸ್ವಿಚ್ ಆಫ್?" ಎಂದು ಮುಂದಿನಿಂದ ಕೂಗಿದ.

"ಆಫ್," ಎಂದೆ.

ಅವನು ಪಂಖಕ್ಕೆ ಕೈ ಹಚ್ಚಲಿಲ್ಲ. ರೆಕ್ಕೆಯನ್ನು ಬಳಸಿ ನಡೆದು ಬಂದ. ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ನನ್ನ ಭುಜದ ಪಕ್ಕದಿಂದ ಕೈ ಚಾಚಿ, ಎರಡು ಸ್ವಿಚ್ಚುಗಳನ್ನೂ ಹೆಬ್ಬೆರಳಿನಿಂದ ಒಂದಾದ ಮೇಲೆ ಒಂದು ಒತ್ತಿ ನೋಡಿದ. ಎರಡೂ ಆಫ್ ಇದ್ದವು. ಇಳಿದು ಮತ್ತೆ ಮುಂದಕ್ಕೆ ಹೋದ. ಪಂಖದ ಎದುರಿಗೆ ನಿಂತು, ಮೊದಲಿನಂತೆಯೇ ಕೂಗಿದ.

"ಸ್ವಿಚ್ ಆಫ್?"

"ಆಫ್," ಎಂದೆ.